ಕಿಟ್ಟೆಲ್ ಹೆಂಡತಿ ಒಬ್ಬರೋ ಇಬ್ಬರೋ? ಹಳೇ ಪತ್ರಗಳಲ್ಲಿ ಹುಡುಕುವುದು ಹೇಗೆ?

ನಿಘಂಟುಪ್ರಿಯ

ಎಲ್ಲರಿಗೂ ನಮಸ್ಕಾರ. ಫರ್ಡಿನೆಂಡ್ ಕಿಟ್ಟೆಲ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. 1832ರಲ್ಲಿ ಜರ್ಮನಿಯ ಪೂರ್ವ ಫ್ರೀಸಿಯಾದಲ್ಲಿ ಹುಟ್ಟಿದ್ದು, 1853ರಲ್ಲಿ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಕ್ರೈಸ್ತ ಸಂಸ್ಥೆ) ಕಡೆಯಿಂದ ಇಲ್ಲಿಗೆ ಬಂದದ್ದು, 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು, 1903ರಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡದ್ದು, ಇದೆಲ್ಲ ಸುಲಭವಾಗಿ ಸಿಗುತ್ತದೆ. ಹೆಂಡತಿಯ ವಿಷಯಕ್ಕೆ ಬಂದಾಗ ಮಾತ್ರ ಪೂರ್ತಿ ಗೋಜಲು.

ಒಂದು ಕಡೆ ಪೌಲೀನ್ ಐತ್ ಅಂತ ಇದೆ. ಇನ್ನೊಂದು ಕಡೆ ಯೂಲಿಯೆ ಐತ್. ಮದುವೆ 1860ರಲ್ಲಿ ಅಂತ ಒಬ್ಬರು, 1867ರಲ್ಲಿ ಅಂತ ಇನ್ನೊಬ್ಬರು. ವಂಶವೃಕ್ಷದ ಒಂದು ಜಾಲತಾಣದಲ್ಲಂತೂ ಎರಡು ಹೆಸರನ್ನೂ ಅಂಟಿಸಿ ‘ಪೌಲೀನ್ ಯೂಲಿಯೆ’ ಅಂತ ಒಬ್ಬಳನ್ನೇ ಮಾಡಿಬಿಟ್ಟಿದ್ದಾರೆ. ಮಿಶನ್‌ನ ಹಳೇ ವರದಿಗಳನ್ನು ನೋಡಿದರೆ ಬರೀ ‘ಮಿಸೆಸ್ ಕಿಟ್ಟೆಲ್’. ಯಾರಾದರೂ ಇದನ್ನು ಬಿಡಿಸಿದ್ದೀರಾ? ಮೂಲ ಕಾಗದಪತ್ರ ಎಲ್ಲಿ ಹುಡುಕಬೇಕು?

ಬಲ್ಮಠದ ಓದುಗ

ಇಬ್ಬರು ಸರ್. ಎರಡು ವರ್ಷವೂ ಸರಿ. 1860ರಲ್ಲಿ ಪೌಲೀನ್ ಐತ್ ಜೊತೆ ಮದುವೆ. ಆಕೆ 1864ರಲ್ಲಿ ತೀರಿಕೊಂಡರು. 1867ರಲ್ಲಿ ಆಕೆಯ ಒಡಹುಟ್ಟಿದ ಯೂಲಿಯೆ ಜೊತೆ ಮದುವೆ. ಮನೆತನದ ಹೆಸರು ಒಂದೇ ಇದ್ದದ್ದರಿಂದ ಜಾಲತಾಣದವರು ಇಬ್ಬರನ್ನೂ ಒಂದು ಮಾಡಿರಬೇಕು.

ಹಾಗಾಗಿ ನಿಮ್ಮ ಕೈಗೆ ಸಿಕ್ಕ ಕಾಗದದಲ್ಲಿ ‘ಮಿಸೆಸ್ ಕಿಟ್ಟೆಲ್’ ಅಂತ ಕಂಡರೆ ಮೊದಲು ತಾರೀಕು ನೋಡಿ. 1864ಕ್ಕೆ ಮುಂಚಿನದಾದರೆ ಪೌಲೀನ್. 1867ರ ನಂತರದ್ದಾದರೆ ಯೂಲಿಯೆ. ನಡುವಿನ ವರ್ಷಗಳಲ್ಲಿ ಮಿಸೆಸ್ ಕಿಟ್ಟೆಲ್ ಅನ್ನುವವರೇ ಇಲ್ಲ. ಆ ಅವಧಿಯ ಕಾಗದದಲ್ಲಿ ಹೆಸರು ಬಂದರೆ ತೀರಿಕೊಂಡವರ ಮಾತು ಅಂತ ಓದಬೇಕು.

ನಿಘಂಟುಪ್ರಿಯ

ಅಬ್ಬಾ, ಬಹಳ ಉಪಕಾರ. ಆದರೆ ಒಂದು ಸಂಶಯ. 1870ರ ಆಸುಪಾಸಿನಲ್ಲಿ ಯಾರೋ ಹಳೆಯದನ್ನು ನೆನೆದು ಬರೆದಿದ್ದರೆ? ಆಗ ಕಾಗದದ ತಾರೀಕು ನೋಡಿ ಯೂಲಿಯೆ ಅನ್ನುವ ಹಾಗಿಲ್ಲ, ಅಲ್ವಾ?

ಬಲ್ಮಠದ ಓದುಗ

ಹೌದು. ಕಾಗದ ಬರೆದ ದಿನ ಬೇರೆ, ಅದರಲ್ಲಿ ಹೇಳಿದ ಘಟನೆಯ ದಿನ ಬೇರೆ. ಎರಡನ್ನೂ ಪಕ್ಕಪಕ್ಕ ಬರೆದಿಟ್ಟುಕೊಳ್ಳಿ.

ಸುಮ್ನೆ ಕೇಳ್ದೆ

ಬೇಜಾರು ಮಾಡ್ಕೋಬೇಡಿ. ನಿಘಂಟು ಮಾಡಿದವರು ಕಿಟ್ಟೆಲ್. ಹೆಂಡತಿ ಯಾರಾಗಿದ್ದರೆ ಕನ್ನಡಕ್ಕೇನು? ಇಷ್ಟೊಂದು ತಲೆ ಕೆಡಿಸಿಕೊಳ್ಳುವ ವಿಷಯವಾ ಇದು?

ಕರಾವಳಿ ಕಮಲ

ಸುಮ್ನೆ ಕೇಳ್ದೆ ಅವರೇ, ಸುಮ್ನೆ ಉತ್ತರ ಹೇಳ್ತೀನಿ. ಎಪ್ಪತ್ತು ಸಾವಿರದಷ್ಟು ಶಬ್ದ ಕೂಡಿಸುವ ಮನುಷ್ಯನಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿದವರು, ಮಕ್ಕಳನ್ನು ಸಾಕಿದವರು, ಕಾಯಿಲೆ ಬಿದ್ದಾಗ ನೋಡಿಕೊಂಡವರು ಯಾರೋ ಇರಬೇಕಲ್ಲ. ಅದೂ ಬೇಡ ಅಂತಿಟ್ಟುಕೊಳ್ಳಿ. ಬಾಸೆಲ್ ಮಿಶನ್‌ನ ಹೆಂಗಸರು ಬರೀ ಮನೆಯಲ್ಲಿ ಕೂತವರಲ್ಲ. ಕರಾವಳಿಯ ಹೆಣ್ಣುಮಕ್ಕಳ ಶಾಲೆ, ಹಾಸ್ಟೆಲು, ಹೊಲಿಗೆ ತರಗತಿ ಇವನ್ನು ನಡೆಸಿದವರು ಹೆಚ್ಚಾಗಿ ಅವರೇ. ಸಂಬಳದ ಪಟ್ಟಿಯಲ್ಲಿ ಮಾತ್ರ ಗಂಡನ ಹೆಸರು. ನಮ್ಮ ಊರಿನ ಹೆಣ್ಣುಮಕ್ಕಳು ಓದು ಕಲಿತ ಕತೆ ಬೇಕು ಅಂದರೆ ಈ ‘ಮಿಸೆಸ್’ಗಳ ಹೆಸರು ಬೇಕೇ ಬೇಕು.

ಸುಮ್ನೆ ಕೇಳ್ದೆ

ಶಾಲೆ ವಿಷಯ ಗೊತ್ತಿರಲಿಲ್ಲ. ಸರಿ, ಮುಂದುವರಿಸಿ. ನಾನು ಓದ್ತಾ ಇರ್ತೀನಿ.

ಕಡತದ ಹುಳ

ನಾನು ಈ ಮಿಶನ್ ಕಾಗದಗಳಲ್ಲಿ ಬಹಳ ಕಾಲ ಮುಳುಗಿದ್ದವಳು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಒಂದು ಮಾತು. ಹೆಂಡತಿಯ ಹೆಸರು ಹಿಡಿದು ಹುಡುಕಿದರೆ ಏನೂ ಸಿಗುವುದಿಲ್ಲ. ಕಡತಗಳನ್ನು ಜೋಡಿಸಿದವರು ಗಂಡಸರ ಹೆಸರಿನ ಮೇಲೆ ಜೋಡಿಸಿದ್ದಾರೆ. ಹಾಗಂತ ಹೆಂಗಸರ ಬಗ್ಗೆ ಕಾಗದವೇ ಇಲ್ಲ ಅಂತಲ್ಲ. ಬೇಕಾದಷ್ಟಿದೆ. ಆಕೆಯ ಬಾಳಿನಲ್ಲಿ ಯಾವಾಗ ಇನ್ನೊಬ್ಬರು ಕಾಗದ ಬರೆಯಲೇಬೇಕಾಯಿತು ಅಂತ ಯೋಚನೆ ಮಾಡಿ, ಅಲ್ಲಿ ಹುಡುಕಿ. ಮದುವೆಗೆ ಅನುಮತಿ, ಹಡಗಿನ ಖರ್ಚು, ಹೆರಿಗೆ, ಕಾಯಿಲೆ, ಮಕ್ಕಳನ್ನು ಯುರೋಪಿಗೆ ಕಳಿಸಿದ್ದು, ಸಾವು, ವಿಧವೆಗೆ ಕೊಟ್ಟ ಹಣ. ಇವೆಲ್ಲ ಕಾಗದ ಹುಟ್ಟಿಸುವ ಸಂಗತಿಗಳು.

ಬಾಸೆಲ್ ಮಿಶನ್‌ನಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿ ಮಿಶನರಿ ತನಗೆ ಬೇಕೆಂದಾಗ ಮದುವೆಯಾಗುವಂತಿರಲಿಲ್ಲ. 1815ರಲ್ಲಿ ಶುರುವಾದ ಸಂಸ್ಥೆ ಅದು. 1837ರಲ್ಲಿ ಮದುವೆಗೇ ನಿಯಮ ಮಾಡಿದರು. ಹೊಸದಾಗಿ ಬಂದವನು ಮೊದಲ ಕೆಲವು ವರ್ಷ ಒಂಟಿಯಾಗಿಯೇ ಕೆಲಸ ಮಾಡಬೇಕು. ಆಮೇಲೆ ಬಾಸೆಲ್‌ನಲ್ಲಿದ್ದ ಸಮಿತಿಗೆ ಅರ್ಜಿ ಹಾಕಬೇಕು. ಸಮಿತಿ ಒಪ್ಪಿದ ಮೇಲೆ ಹುಡುಗಿ ನೋಡುವುದು. ಎಷ್ಟೋ ಸಲ ಹುಡುಗಿಯನ್ನು ಗೊತ್ತು ಮಾಡುತ್ತಿದ್ದವರೂ ಸಮಿತಿಯವರೇ. ಮುಖ ನೋಡದ ಗಂಡನ ಹತ್ತಿರ ಹಡಗು ಹತ್ತಿ ಬಂದ ಹುಡುಗಿಯರು ಎಷ್ಟೋ ಜನ. ಬಂದ ಕೆಲವೇ ದಿನಕ್ಕೆ ಮದುವೆ.

ಈಗ ಇದರಿಂದ ಹುಟ್ಟಿದ ಕಾಗದಗಳನ್ನು ಲೆಕ್ಕ ಹಾಕಿ. ಗಂಡಿನ ಅರ್ಜಿ. ಸಮಿತಿಯ ನಡವಳಿ ಪುಸ್ತಕದಲ್ಲಿ ತೀರ್ಮಾನ. ಹುಡುಗಿಯ ಊರಿನ ಪಾದ್ರಿಯ ಅಭಿಪ್ರಾಯ. ಅಪ್ಪ ಅಮ್ಮನ ಒಪ್ಪಿಗೆ ಪತ್ರ. ಹುಡುಗಿ ತಾನೇ ಬರೆದ ಬದುಕಿನ ಚಿತ್ರ. ಇದರಲ್ಲಿ ಕೊನೆಯದು ಸಿಕ್ಕರೆ ನಿಮಗೆ ಚಿನ್ನ ಸಿಕ್ಕ ಹಾಗೆ. ಯಾಕಂದರೆ ಉಳಿದದ್ದರಲ್ಲೆಲ್ಲ ಆಕೆಯ ಬಗ್ಗೆ ಇನ್ನೊಬ್ಬರು ಮಾತಾಡುತ್ತಾರೆ.

ಇದೆಲ್ಲ ಈಗ ಬಾಸೆಲ್‌ನಲ್ಲಿ, ಬಾಸೆಲ್ ಮಿಶನ್‌ನ ಇಂದಿನ ರೂಪವಾದ ಮಿಶನ್ 21 ಸಂಸ್ಥೆಯ ದಾಖಲೆಮನೆಯಲ್ಲಿದೆ. ಪ್ರತಿ ಮಿಶನರಿಗೂ ಒಂದು ಕ್ರಮಸಂಖ್ಯೆ ಇದೆ. ಅದೇ ಸಂಖ್ಯೆಯಲ್ಲಿ ಅವನ ವೈಯಕ್ತಿಕ ಕಡತ. ಕುಟುಂಬದ ವಿವರ ಬರೆದಿಟ್ಟ ಪುಸ್ತಕ ಬೇರೆ. ಭಾರತದಿಂದ ಹೋದ ಕಾಗದಗಳ ಸಾಲು ಬೇರೆ. ಬಾಸೆಲ್‌ನಿಂದ ಇಲ್ಲಿಗೆ ಬಂದ ಉತ್ತರಗಳ ನಕಲು ಪುಸ್ತಕಗಳೂ ಉಂಟು. ಜನ ಇದನ್ನು ಮರೆಯುತ್ತಾರೆ. ಇಲ್ಲಿಂದ ಹೋದ ಪತ್ರ ಕಳೆದುಹೋಗಿದ್ದರೂ ಅಲ್ಲಿಂದ ಬಂದ ಉತ್ತರದಲ್ಲಿ ‘ನಿಮ್ಮ ಹೆಂಡತಿಯ ಆರೋಗ್ಯದ ಬಗ್ಗೆ ನೀವು ಬರೆದದ್ದು’ ಅನ್ನುವ ಥರದ ಸಾಲು ಸಿಗುತ್ತದೆ.

ನಿಘಂಟುಪ್ರಿಯ

ಮೇಡಂ, ಇದು ಒಂದು ಪಾಠವೇ ಆಯಿತು. ಮದುವೆಗೂ ಸಮಿತಿ! ನಮ್ಮ ಕಡೆ ಹೆಣ್ಣು ನೋಡಲು ಹೋದಾಗ ಸೋದರಮಾವ, ದೊಡ್ಡಪ್ಪ ಎಲ್ಲ ಸೇರಿ ತೀರ್ಮಾನ ಮಾಡುತ್ತಿದ್ದರಲ್ಲ, ಅದೇ ಕತೆ.

ಟಪಾಲು ಪೆಟ್ಟಿಗೆ

ನನ್ನದೊಂದು ಮಾತು ಸೇರಿಸಲಾ? ಗಂಡ ಹೆಂಡತಿ ಬೇರೆ ಬೇರೆ ಕಡೆ ಇದ್ದ ವರ್ಷಗಳನ್ನು ಮೊದಲು ಗುರುತು ಮಾಡಿ. ಒಂದೇ ಮನೆಯಲ್ಲಿದ್ದವರು ಪರಸ್ಪರ ಕಾಗದ ಬರೆಯುವುದಿಲ್ಲ. ದೂರ ಇದ್ದಾಗಲೇ ಪತ್ರ ಹುಟ್ಟುವುದು.

ಥಾಮಸ್ ಮನ್ರೋ ಗೊತ್ತಲ್ಲ, ಟಿಪ್ಪು ಸತ್ತ ಮೇಲೆ ಕೆನರಾದ ಕಲೆಕ್ಟರ್ ಆಗಿ ಬಂದವರು. ಅವರು 1814ರಲ್ಲಿ ಜೇನ್ ಕ್ಯಾಂಪ್‌ಬೆಲ್ ಅವರನ್ನು ಮದುವೆಯಾದರು. ಮದ್ರಾಸಿನ ಗವರ್ನರ್ ಆಗಿದ್ದಾಗ, 1826ರಲ್ಲಿ, ಮಗನ ಕಾಯಿಲೆಯ ಕಾರಣ ಹೆಂಡತಿ ಇಂಗ್ಲೆಂಡಿಗೆ ಹೊರಟರು. ಆಮೇಲೆ ಮನ್ರೋ ಆಕೆಗೆ ಬರೆದ ಪತ್ರಗಳು ಅಚ್ಚಾಗಿವೆ. ಗಿಂಡಿಯ ಮನೆ, ತೋಟ, ಆಕೆ ಇಲ್ಲದ ಬೇಸರ, ಎಲ್ಲ ಅದರಲ್ಲಿದೆ. 1827ರ ಜುಲೈನಲ್ಲಿ ಪತ್ತಿಕೊಂಡದಲ್ಲಿ ಕಾಲರಾ ಬಂದು ಮನ್ರೋ ತೀರಿಕೊಂಡರು. ಆಕೆ ಇಲ್ಲೇ ಇದ್ದಿದ್ದರೆ ಆ ಪತ್ರಗಳು ನಮಗೆ ಸಿಗುತ್ತಲೇ ಇರಲಿಲ್ಲ.

ಕಡತದ ಹುಳ

ಸರಿಯಾಗಿ ಹೇಳಿದಿರಿ. ಇದಕ್ಕೆ ಇನ್ನೊಂದು ಮುಖವೂ ಇದೆ. ಬಾಸೆಲ್ ಮಿಶನರಿಗಳ ಮಕ್ಕಳನ್ನು ಶಾಲೆಗೆ ಹೋಗುವ ವಯಸ್ಸಿಗೆ ಯುರೋಪಿಗೆ ಕಳಿಸಿಬಿಡುತ್ತಿದ್ದರು. ಬಾಸೆಲ್‌ನಲ್ಲಿ ಅದಕ್ಕೆಂದೇ ಮಕ್ಕಳ ಮನೆ ಇತ್ತು. ಐದಾರು ವರ್ಷದ ಕೂಸನ್ನು ಹಡಗು ಹತ್ತಿಸಿ, ಮತ್ತೆ ಎಷ್ಟೋ ವರ್ಷ ಮುಖ ನೋಡದ ತಾಯಂದಿರು ಇದ್ದರು. ಕೇಳಿದರೆ ಹೊಟ್ಟೆ ಉರಿಯುತ್ತದೆ. ಆದರೆ ಹುಡುಕುವವರಿಗೆ ಇದೇ ದಾರಿ. ಅಮ್ಮಂದಿರು ಮಕ್ಕಳಿಗೆ ಬರೆದ ಪತ್ರಗಳು ಮಿಶನ್ ಕಡತದಲ್ಲಿ ಕಡಿಮೆ, ಮಕ್ಕಳ ಮನೆತನದ ಪೆಟ್ಟಿಗೆಗಳಲ್ಲಿ ಜಾಸ್ತಿ. ಆದ್ದರಿಂದ ಗಂಡನ ಕಡತ ಮುಗಿದ ಮೇಲೆ ಮಕ್ಕಳ ಹೆಸರು ಹಿಡಿಯಿರಿ.

ಗುಂಡರ್ಟ್ ಅವರ ಮನೆಯನ್ನೇ ನೋಡಿ. ಮಲಯಾಳದ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್. ಹೆಂಡತಿ ಜೂಲಿ ದ್ಯುಬ್ವಾ, ಸ್ವಿಟ್ಜರ್ಲೆಂಡಿನ ಫ್ರೆಂಚ್ ಮಾತಾಡುವ ಕಡೆಯವರು. 1838ರಲ್ಲಿ ಚಿತ್ತೂರಿನಲ್ಲಿ ಮದುವೆ. ಅದೇ ವರ್ಷ ಮಂಗಳೂರಿಗೆ ಬಂದರು, ಆಮೇಲೆ ತಲಶ್ಶೇರಿ. ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಚಿಕ್ಕವಳಿದ್ದಾಗಲೇ ಯುರೋಪಿನಲ್ಲಿ ಬಿಟ್ಟರು. 1857ರಲ್ಲಿ ಮತ್ತೆ ಬಂದಳು. ಆಕೆಯ ಪತ್ರ ಮತ್ತು ದಿನಚರಿಗಳನ್ನು ಮುಂದೆ ಆಕೆಯ ಮಗಳೇ ಕೂಡಿಸಿ ಅಚ್ಚು ಹಾಕಿಸಿದರು. ಆ ಮರೀಯ ಮಗ ಕಾದಂಬರಿಕಾರ ಹರ್ಮನ್ ಹೆಸ್ಸೆ. ದೊಡ್ಡ ಸಾಹಿತಿಯ ತಾಯಿ ಆದದ್ದರಿಂದ ಆಕೆಯ ಕಾಗದ ಉಳಿಯಿತು ಅಂತ ನನ್ನ ಗುಮಾನಿ. ಎಲ್ಲರಿಗೂ ಅಂಥ ಮಗ ಇರುವುದಿಲ್ಲವಲ್ಲ.

ಗುಂಡರ್ಟ್ ಹಸ್ತಪ್ರತಿಗಳು ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅವರ ಜಾಲತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು. ಮಿಶನ್ ಬರವಣಿಗೆ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗಲು ಅಲ್ಲಿಂದ ಶುರು ಮಾಡಿ.

ಕಾವೇರಿ ತೀರ

ನಾನು ಕೊಡಗಿನವಳು. ಇಲ್ಲಿ ಹೆಸರುಗಳ ಅವಾಂತರ ಎಷ್ಟಿದೆ ಅಂತ ಹೇಳಲೇಬೇಕು.

ಹರ್ಮನ್ ಮೋಗ್ಲಿಂಗ್, 1843ರಲ್ಲಿ ‘ಮಂಗಳೂರ ಸಮಾಚಾರ’ ತಂದವರು. ಇಲ್ಲಿಗೆ ಬಂದು ಎಷ್ಟೋ ವರ್ಷ ಮದುವೆಯೇ ಆಗಿರಲಿಲ್ಲ. ಅವರ ಬಂಧು ಗಾಟ್‌ಫ್ರೀಡ್ ವೈಗ್ಲೆ ಕೂಡ ಮಿಶನರಿ, ಕನ್ನಡ ಬೈಬಲ್ಲಿನ ಕೆಲಸ ಮಾಡಿದವರು. ವೈಗ್ಲೆ 1855ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲೀನ್ ಅವರನ್ನು ಮುಂದೆ ಮೋಗ್ಲಿಂಗ್ ಮದುವೆಯಾದರು. ಆಕೆಯ ತವರಿನ ಹೆಸರು ಬಾಕ್‌ಮೈಸ್ಟರ್. ಅಂದರೆ ಒಬ್ಬರೇ ಹೆಂಗಸು ಮೂರು ಹೆಸರಿನಲ್ಲಿ ಇದ್ದಾರೆ. ಪೌಲೀನ್ ಬಾಕ್‌ಮೈಸ್ಟರ್, ಪೌಲೀನ್ ವೈಗ್ಲೆ, ಪೌಲೀನ್ ಮೋಗ್ಲಿಂಗ್. ಕಡತದ ಹುಳ ಹೇಳಿದ ಮರೀ ಕೂಡ ಹಾಗೇ. ಗುಂಡರ್ಟ್, ಆಮೇಲೆ ಮೊದಲ ಗಂಡನಿಂದ ಐಸೆನ್‌ಬರ್ಗ್, ಅವರು ತೀರಿಕೊಂಡ ಮೇಲೆ ಹೆಸ್ಸೆ. ಕಿಟ್ಟೆಲ್ ಮನೆಯಲ್ಲಿ ಇದು ಉಲ್ಟಾ. ಇಬ್ಬರು ಹೆಂಗಸರು, ತವರಿನ ಹೆಸರೂ ಒಂದೇ, ಗಂಡನ ಮನೆಯ ಹೆಸರೂ ಒಂದೇ.

ಇನ್ನೂ ಇದೆ ಕೇಳಿ. ಮೋಗ್ಲಿಂಗ್ ಅವರು ಹೆಂಡತಿಯ ಆರೋಗ್ಯ ಸರಿಯಿಲ್ಲ ಅಂತ 1860ರಲ್ಲಿ ಜರ್ಮನಿಗೆ ವಾಪಸು ಹೋದರು. ಪೌಲೀನ್ ಐತ್ ಕಿಟ್ಟೆಲ್ ಮನೆ ಸೇರಿದ್ದೂ 1860ರಲ್ಲೇ. ಆ ವರ್ಷದ ಕಾಗದದಲ್ಲಿ ಬರೀ ‘ಪೌಲೀನ್’ ಅಂತ ಇದ್ದರೆ ಯಾವ ಪೌಲೀನ್? ‘ಜೂಲಿ’ ಅಂತ ಇದ್ದರೆ ಗುಂಡರ್ಟ್ ಜೂಲಿಯೋ ಕಿಟ್ಟೆಲ್ ಯೂಲಿಯೆಯೋ? ಕಾಗದದಲ್ಲಿ ಎರಡಕ್ಕೂ ಒಂದೇ ಅಕ್ಷರ. ಅದೃಷ್ಟಕ್ಕೆ ಗುಂಡರ್ಟ್ 1859ರಲ್ಲೇ ಭಾರತ ಬಿಟ್ಟರು, ಕಿಟ್ಟೆಲ್ ಯೂಲಿಯೆ ಬಂದದ್ದು ಆಮೇಲೆ. ಗಂಡಸರ ಕಡೆಯೂ ಕಮ್ಮಿ ಏನಿಲ್ಲ. ಮೋಗ್ಲಿಂಗ್ ಹರ್ಮನ್, ಗುಂಡರ್ಟ್ ಹರ್ಮನ್, ನಮ್ಮ ಆನಂದರಾವ್ ಕೌಂಡಿನ್ಯ ಕೂಡ ಹರ್ಮನ್!

ಸುಮ್ನೆ ಕೇಳ್ದೆ

ಕೌಂಡಿನ್ಯ ಹೇಗೆ ಹರ್ಮನ್ ಆದ್ರು? ಕತೆ ಹೇಳಿ.

ಕಾವೇರಿ ತೀರ

ಆನಂದರಾವ್ ಕೌಂಡಿನ್ಯ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ. 1844ರಲ್ಲಿ ಮೋಗ್ಲಿಂಗ್ ಕೈಯಲ್ಲಿ ದೀಕ್ಷಾಸ್ನಾನ ಪಡೆದರು. ಗುರುವಿನ ಹೆಸರನ್ನೇ ಇಟ್ಟುಕೊಂಡರು. ಊರಿನಲ್ಲಿ ದೊಡ್ಡ ಗಲಾಟೆ ಆಯಿತು. 1846ರಲ್ಲಿ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪೂರ್ತಿ ಮಿಶನರಿ ಆಗಿ ವಾಪಸು ಬಂದರು.

ಇಲ್ಲಿ ಹೆಂಡತಿಯರ ವಿಷಯ ಇದೆ. ಮತಾಂತರಕ್ಕೆ ಮೊದಲೇ ಅವರಿಗೆ ಮದುವೆ ಆಗಿತ್ತು. ಆಮೇಲೆ 1860ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಕಡೆಯ ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಯೋಚನೆ ಮಾಡಿ. 1860ರಲ್ಲಿ ಒಬ್ಬ ಜರ್ಮನ್ ಹುಡುಗಿ ಮಂಗಳೂರಿನ ಕೊಂಕಣಿಯವರನ್ನು ಮದುವೆಯಾಗಿ ಇಲ್ಲಿ ಸಂಸಾರ ಮಾಡಿದ್ದು. ಅವರು ಬಾಸೆಲ್ ಪಟ್ಟಿಯಲ್ಲಿ ಇದ್ದ ಮಿಶನರಿ ಆದ್ದರಿಂದ ಕಡತದ ಹುಳ ಹೇಳಿದ ಆ ಸಮಿತಿಯ ದಾರಿಯಲ್ಲೇ ಮರೀಯನ್ನು ಹುಡುಕಬಹುದು.

ಮೊದಲ ಹೆಂಡತಿಯದೇ ಕಷ್ಟ. ಆಕೆಯ ಬಗ್ಗೆ ಬರೆದವರು ಮಿಶನರಿಗಳು. ಆಕೆ ಕ್ರೈಸ್ತಳಾಗಲಿ ಅಂತ ಕಾಯುತ್ತಿದ್ದವರು ಬರೆದದ್ದು ಅದು. ಆಕೆ ತಾನೇ ಏನು ಅಂದಳು, ಅವಳ ತವರಿನವರು ಏನಂದರು ಅನ್ನುವುದನ್ನು ಆ ಸಾಲುಗಳಿಂದ ಹಾಗೇ ಎತ್ತಿಕೊಳ್ಳಬಾರದು. ಲೇಖನ ಬರೆಯುವವರು ಇದೊಂದು ಎಚ್ಚರ ಇಟ್ಟುಕೊಳ್ಳಿ. ಜರ್ಮನ್ ಹೆಂಡತಿಗೆ ಒಂದು ಕಡತ, ಕೊಂಕಣಿ ಹೆಂಡತಿಗೆ ಬೇರೆಯವರ ಕಾಗದದಲ್ಲಿ ನಾಲ್ಕು ಸಾಲು. ಇದು ನನಗೆ ಸಿಟ್ಟು ಬರಿಸುವ ವಿಷಯ.

ಕರಾವಳಿ ಕಮಲ

ಸಿಟ್ಟು ನನಗೂ ಇದೆ ಅಕ್ಕ. ಊರಿನ ಕಡೆಯಿಂದ ಹುಡುಕಬೇಕಾದರೆ ಆಸ್ತಿ ಪತ್ರ, ಕೋರ್ಟು ಕಾಗದ, ಮನೆತನದವರು ಬರೆದಿಟ್ಟ ವಂಶಾವಳಿ ಇವೇ ಗತಿ. ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿರುತ್ತಾರೆ, ಅದು ಬೇರೆ ಮಾತು.

ನೆಕ್ಕಾರ್ ಕನ್ನಡಿಗ

ನಾನು ಸ್ಟುಟ್‌ಗಾರ್ಟ್ ಹತ್ತಿರ ಇರುವವನು. ಜರ್ಮನಿ ಕಡೆಯ ವಿಷಯ ಹೇಳುತ್ತೇನೆ.

ಬಾಸೆಲ್ ಊರು ಸ್ವಿಟ್ಜರ್ಲೆಂಡಿನದಾದರೂ ಮಿಶನರಿಗಳೂ ಹೆಂಡತಿಯರೂ ಎಷ್ಟೋ ಜನ ವುರ್ಟೆಂಬರ್ಗ್‌ನವರು. ಇಲ್ಲಿನ ಚರ್ಚುಗಳಲ್ಲಿ 1808ರಿಂದ ಕುಟುಂಬ ಪುಸ್ತಕ ಅಂತ ಇಡುತ್ತಿದ್ದರು. ಒಂದು ಪುಟಕ್ಕೆ ಒಂದು ಸಂಸಾರ. ಮೇಲೆ ಗಂಡ ಹೆಂಡತಿ, ಅವರವರ ಅಪ್ಪ ಅಮ್ಮ, ಕೆಳಗೆ ಮಕ್ಕಳು ಸಾಲಾಗಿ, ಹುಟ್ಟು, ಮದುವೆ, ಸಾವು. ಮಗಳು ಪರದೇಶಕ್ಕೆ ಹೋಗಿದ್ದರೆ ಪಾದ್ರಿ ಕೆಲವು ಸಲ ಪಕ್ಕದಲ್ಲಿ ಗುರುತು ಹಾಕಿರುತ್ತಾನೆ. ಅಕ್ಕ ತಂಗಿಯರನ್ನು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಒಂದೇ ಪುಟದಲ್ಲಿ ಇಬ್ಬರೂ ಎದುರಿಗೇ ಸಿಗುತ್ತಾರೆ. ಈ ಪುಸ್ತಕಗಳ ಚಿತ್ರಗಳು ಆರ್ಕಿಯನ್ ಅನ್ನುವ ಜಾಲತಾಣದಲ್ಲಿವೆ. ದುಡ್ಡು ಕೊಡಬೇಕು. ಯಾವ ಊರಿನ ಚರ್ಚು ಅಂತ ಮೊದಲು ಗೊತ್ತಿರಬೇಕು. ಆ ಊರಿನ ಹೆಸರನ್ನು ಬಾಸೆಲ್ ಕಡತದಿಂದ ತೆಗೆಯಿರಿ.

ಜರ್ಮನ್ ಪಟ್ಟಿಗಳಲ್ಲಿ ಹೆಂಗಸಿನ ಹೆಸರಿನ ಪಕ್ಕ ‘ಗೆಬ್.’ ಅಂತ ಚಿಕ್ಕದಾಗಿ ಇರುತ್ತದೆ. ಅದರ ಮುಂದೆ ಬರುವುದು ತವರಿನ ಹೆಸರು. ಇಂಗ್ಲಿಷ್ ವರದಿಗಳಲ್ಲಿ ಇದನ್ನು ಹಾರಿಸಿ ‘ಮಿಸೆಸ್’ ಅಂತ ಮುಗಿಸುತ್ತಿದ್ದರು. ಹಾಗಾಗಿ ಎರಡು ಭಾಷೆಯಲ್ಲೂ ವರದಿ ಇದ್ದರೆ ಜರ್ಮನ್ ವರದಿಯನ್ನೇ ಹಿಡಿಯಿರಿ.

ಇನ್ನೊಂದು. ಸತ್ತ ಹೆಂಡತಿಯ ಒಡಹುಟ್ಟಿದವಳನ್ನು ಮದುವೆಯಾಗುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಜರ್ಮನ್ ಪ್ರೊಟೆಸ್ಟೆಂಟರಲ್ಲೂ ನಡೆಯುತ್ತಿತ್ತು. ಇಂಗ್ಲೆಂಡಿನಲ್ಲಿ ಮಾತ್ರ 1835ರ ಕಾನೂನಿನಿಂದ ಶುರುವಾಗಿ 1907ರವರೆಗೆ ಅಂಥ ಮದುವೆ ಊರ್ಜಿತ ಆಗುತ್ತಿರಲಿಲ್ಲ. ಇಂಗ್ಲಿಷ್ ಓದುಗರು ಕಿಟ್ಟೆಲ್ ವಂಶವೃಕ್ಷ ನೋಡಿ ‘ಇದು ಹೇಗೆ ಸಾಧ್ಯ, ಒಬ್ಬಳೇ ಇರಬೇಕು’ ಅಂದುಕೊಂಡಿದ್ದರೆ ಆಶ್ಚರ್ಯ ಇಲ್ಲ.

ನಿಘಂಟುಪ್ರಿಯ

ಓಹೋ! ಇಬ್ಬರನ್ನು ಒಬ್ಬಳು ಮಾಡಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಅಂದ ಹಾಗೆ ಮ್ಯಾಕ್ಸ್ ಐತ್ ಅಂತ ಒಬ್ಬ ಜರ್ಮನ್ ಎಂಜಿನಿಯರ್, ಬರಹಗಾರ ಇದ್ದರಲ್ಲ, 1836ರಲ್ಲಿ ವುರ್ಟೆಂಬರ್ಗ್‌ನಲ್ಲಿ ಹುಟ್ಟಿದವರು. ಅವರ ಮನೆಯವರೇ ಇರಬಹುದಾ?

ನೆಕ್ಕಾರ್ ಕನ್ನಡಿಗ

ಹೆಸರು ಒಂದೇ ಅಂತ ನೆಂಟಸ್ತನ ಕಟ್ಟಬೇಡಿ ಸರ್. ವಂಶವೃಕ್ಷದ ತಾಣಗಳು ಹಾಳಾಗಿರುವುದೇ ಇದರಿಂದ. ಪ್ರಸಿದ್ಧರು ಒಬ್ಬರು ಸಿಕ್ಕರೆ ಸಾಕು, ಎಲ್ಲರನ್ನೂ ಅವರ ಮನೆಗೆ ಸೇರಿಸಿಬಿಡುತ್ತಾರೆ. ಕುಟುಂಬ ಪುಸ್ತಕದ ಪುಟ ಸಿಕ್ಕಿದ ಮೇಲೆ ನೋಡೋಣ.

ಟಪಾಲು ಪೆಟ್ಟಿಗೆ

ಭಾರತದ ಕಡೆಯೂ ಮೂರು ಜಾಗ ಇವೆ. ಚಿಕ್ಕದಾಗಿ ಹೇಳುತ್ತೇನೆ.

ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಚರ್ಚಿನಿಂದ ಹೋದ ಮದುವೆ, ಸಾವು, ನಾಮಕರಣದ ಪಟ್ಟಿಗಳಿವೆ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆದ್ದರಿಂದ ಮದ್ರಾಸಿನ ಸಾಲು ನೋಡಬೇಕು. ಉತ್ತರ ಕನ್ನಡ 1862ರಲ್ಲಿ ಬಾಂಬೆಗೆ ಹೋಯಿತು, ಅಲ್ಲಿಂದ ಮುಂದೆ ಬಾಂಬೆಯ ಸಾಲು. ಧಾರವಾಡ, ಹುಬ್ಬಳ್ಳಿ ಮೊದಲಿನಿಂದಲೂ ಬಾಂಬೆಯೇ. ಜಿಲ್ಲೆ ಯಾವ ಪ್ರಾಂತ್ಯದಲ್ಲಿತ್ತು ಅಂತ ನೋಡದೆ ಹುಡುಕಿ, ಇಲ್ಲ ಅಂತ ಕೈ ಬಿಡುವವರು ಜಾಸ್ತಿ. ಆ ಪಟ್ಟಿಗಳಲ್ಲಿ ಇಂಗ್ಲಿಷ್ ಚರ್ಚಿನವರದ್ದೇ ಹೆಚ್ಚು, ಜರ್ಮನ್ ಮಿಶನ್‌ನವರದ್ದು ಅಲ್ಲಲ್ಲಿ. ಸಿಗದಿದ್ದರೆ ಮದುವೆಯೇ ಆಗಿಲ್ಲ ಅಂತ ಅರ್ಥವಲ್ಲ.

ಎರಡನೆಯದು ಹಳೇ ಬಾಂಬೆ ಪತ್ರಿಕೆಗಳು. ಹಡಗಿನಲ್ಲಿ ಬಂದವರ ಪಟ್ಟಿ ಹಾಕುತ್ತಿದ್ದರು. 1869ರಲ್ಲಿ ಸೂಯೆಜ್ ಕಾಲುವೆ ಆಗುವ ಮುಂಚೆ ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ನೆಲದ ದಾರಿಯಲ್ಲಿ ಸೂಯೆಜ್‌ಗೆ ಬಂದು, ಮತ್ತೆ ಹಡಗು ಹತ್ತಿ ಬಾಂಬೆಗೆ ಬರುವ ದಾರಿ ಇತ್ತು. ಮದುವೆಯಾಗಲು ಬರುವ ಹುಡುಗಿ ಈ ಪಟ್ಟಿಯಲ್ಲಿ ‘ಮಿಸ್’ ಆಗಿರುತ್ತಾಳೆ. ಆಕೆ ಬರೀ ತವರಿನ ಹೆಸರಲ್ಲಿ ಕಾಣುವ ಕೊನೆಯ ಕಾಗದಗಳಲ್ಲಿ ಅದೂ ಒಂದು.

ಮೂರನೆಯದು ಸಮಾಧಿ ಕಲ್ಲು. ಓದಲು ಬರುವಂತಿದ್ದರೆ ಅಲ್ಲಿ ತವರಿನ ಹೆಸರು ಇರುವ ಸಾಧ್ಯತೆ ಚೆನ್ನಾಗಿದೆ. ಜರ್ಮನ್ನರು ಕಲ್ಲಿನ ಮೇಲೂ ಅದನ್ನು ಕೆತ್ತಿಸುತ್ತಿದ್ದರು.

ಬಲ್ಮಠದ ಓದುಗ

ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹ ಇದೆ. ಬಾಸೆಲ್ ಮಿಶನ್ ಮುದ್ರಿಸಿದ ಪುಸ್ತಕ, ವರದಿ ಎಲ್ಲ ನೋಡಬಹುದು. ಬಾಸೆಲ್‌ಗೆ ಹೋಗಲು ಆಗದವರು ಇಲ್ಲಿಂದ ಶುರು ಮಾಡಿ. ಮುಂಚೆಯೇ ಕೇಳಿಕೊಂಡು ಹೋಗಿ.

ಸುಮ್ನೆ ಕೇಳ್ದೆ

ಒಂದು ದಡ್ಡ ಪ್ರಶ್ನೆ. ದುಡ್ಡಿನ ಲೆಕ್ಕದಲ್ಲಿ ಹೆಂಡತಿ ಸಿಗ್ತಾಳಾ?

ಟಪಾಲು ಪೆಟ್ಟಿಗೆ

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಕಾಲಿನ್ ಮೆಕೆಂಜಿ ನೋಡಿ. ಮೈಸೂರು ಸರ್ವೆ ಮಾಡಿ, ನಮ್ಮ ಊರೂರಿನ ಕೈಫಿಯತ್ತು (ಊರಿನ ಚರಿತ್ರೆಯ ಬರಹ), ಶಾಸನ ಕೂಡಿಸಿದವರು. ಅವರ ಪ್ರಸಿದ್ಧ ಚಿತ್ರದಲ್ಲಿ ಜೊತೆಗೆ ಮೂವರು ಭಾರತೀಯರು ನಿಂತಿದ್ದಾರೆ, ಹಿಂದೆ ದೂರದಲ್ಲಿ ಗೊಮ್ಮಟ ಕಾಣುತ್ತದೆ. ಹೆಂಡತಿ ಇಲ್ಲ. ಆದರೆ ಅವರಿಗೆ 1812ರಲ್ಲಿ ಜಾವಾದಲ್ಲಿ ಮದುವೆ ಆಗಿತ್ತು, ಪೆಟ್ರೊನೆಲ್ಲಾ ಯಾಕೊಮಿನಾ ಬಾರ್ಟೆಲ್ಸ್ ಎಂಬವರ ಜೊತೆ. ಮೆಕೆಂಜಿ 1821ರಲ್ಲಿ ತೀರಿಕೊಂಡ ಮೇಲೆ ಕಂಪನಿ ಸರ್ಕಾರ ಆ ಇಡೀ ಸಂಗ್ರಹವನ್ನು 1 ಲಕ್ಷ ರೂಪಾಯಿ ಕೊಟ್ಟು ಆಕೆಯಿಂದ ಕೊಂಡಿತು. ಹಣ ಕೊಡಬೇಕಾದಾಗ ಸರ್ಕಾರಕ್ಕೆ ವಿಧವೆ ನೆನಪಾದಳು. ಉಯಿಲು, ಆಸ್ತಿ ಪಟ್ಟಿ, ಪಿಂಚಣಿ, ಇವನ್ನು ಯಾವತ್ತೂ ಬಿಡಬೇಡಿ.

ನಿಘಂಟುಪ್ರಿಯ

ಎಲ್ಲ ಸರಿ, ಆದರೆ ಆ ಜರ್ಮನ್ ಕೈಬರಹ ಓದುವುದು ಹೇಗೆ? ಒಂದು ಪುಟದ ಚಿತ್ರ ನೋಡಿದೆ. ಬರೀ ಏರಿಳಿತದ ಗೆರೆಗಳು. ಇದಕ್ಕೆ ಸ್ಯುಟರ್ಲೀನ್ ಅಂತಾರಲ್ವಾ?

ಕಡತದ ಹುಳ

ಎಲ್ಲರೂ ಹಾಗೇ ಅನ್ನುತ್ತಾರೆ. ಸ್ಯುಟರ್ಲೀನ್ ಬಂದದ್ದು 1911ರಲ್ಲಿ. ಕಿಟ್ಟೆಲ್ ಕಾಲದ್ದು ಅದಕ್ಕಿಂತ ಹಳೆಯ ಕುರೆಂಟ್ ಬರಹ. ಕಲಿಯುವಾಗ ಕುರೆಂಟ್ ಅಕ್ಷರಮಾಲೆಯನ್ನೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ದಾರಿ ತಪ್ಪುತ್ತದೆ. ‘ಇ’ (e) ಅಕ್ಷರವೂ ‘ಎನ್’ (n) ಅಕ್ಷರವೂ ಅವಳಿಜವಳಿ. ಮೊದಲು ತೊಂದರೆ ಕೊಡುವುದೇ ಅವು.

ಒಂದು ಉಪಾಯ ಹೇಳುತ್ತೇನೆ. ಕುರೆಂಟ್‌ನಲ್ಲಿ ಬರೆಯುವವರು ಜನರ ಹೆಸರು, ಪರಭಾಷೆಯ ಮಾತುಗಳನ್ನು ಸಾಮಾನ್ಯವಾಗಿ ಲ್ಯಾಟಿನ್ ಅಕ್ಷರದಲ್ಲೇ ಬರೆಯುತ್ತಿದ್ದರು. ಪುಟವನ್ನು ದೂರದಿಂದ ನೋಡಿದರೂ ಮಂಗಳೂರು, ಹುಬ್ಬಳ್ಳಿ, ಮಡಿಕೇರಿ ಎದ್ದು ಕಾಣುತ್ತವೆ. ಮೊದಲು ಆ ಹೆಸರುಗಳನ್ನು ಹೆಕ್ಕಿ. ಆಮೇಲೆ ಅವುಗಳ ಅಕ್ಕಪಕ್ಕದ ಸಾಲು ಮಾತ್ರ ಓದಿ. ಇಡೀ ಪತ್ರ ಓದಲು ಹೊರಟರೆ ಮೂರನೇ ಪುಟಕ್ಕೆ ವೈರಾಗ್ಯ ಬರುತ್ತದೆ. ಟ್ರಾನ್ಸ್‌ಕ್ರಿಬಸ್ ಅನ್ನುವ ತಂತ್ರಾಂಶ ಈ ಕೈಬರಹವನ್ನು ಓದಿ ಕೊಡುತ್ತದೆ. ಸುಮಾರಾಗಿ ಓದುತ್ತದೆ, ಹೆಸರುಗಳಲ್ಲಿ ಮಾತ್ರ ನಂಬಬೇಡಿ. ನಮಗೆ ಬೇಕಾದದ್ದೇ ಹೆಸರು, ಏನ್ ಮಾಡೋದು!

ಕರಾವಳಿ ಕಮಲ

ನನಗೊಂದು ಅಳುಕು ಇದೆ. ಹೆರಿಗೆ, ಕಾಯಿಲೆ, ಮನಸ್ಸಿನ ಬೇಗೆ, ಇವೆಲ್ಲ ಆ ಹೆಂಗಸರು ಯಾರಿಗೋ ಗುಟ್ಟಾಗಿ ಬರೆದುಕೊಂಡದ್ದು. ಅದನ್ನು ಎತ್ತಿ ಲೇಖನದಲ್ಲಿ ಹಾಕುವುದು ಸರಿಯಾ?

ಕಾವೇರಿ ತೀರ

ಸಮಿತಿಗೆ ಬರೆದದ್ದು ಗುಟ್ಟಲ್ಲ ಅಕ್ಕ, ಅದು ಕಚೇರಿಯ ಕಾಗದ. ಮಕ್ಕಳಿಗೆ, ತಂಗಿಗೆ ಬರೆದದ್ದು ಬೇರೆ. ನಾನಾದರೆ ಎರಡನೆಯದರಿಂದ ಬೇಕಾದ ಸಂಗತಿ ಮಾತ್ರ ತೆಗೆದುಕೊಳ್ಳುತ್ತೇನೆ, ಅಳುವ ಸಾಲುಗಳನ್ನು ಉದ್ದಕ್ಕೆ ಹಾಕುವುದಿಲ್ಲ. ಮನೆತನದವರ ಹತ್ತಿರ ಇರುವ ಪತ್ರವಾದರೆ ಅವರನ್ನು ಕೇಳದೆ ಹಾಕಲೇಬಾರದು.

ಕಡತದ ಹುಳ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಗಂಡಸರ ಜ್ವರ, ಜಗಳ, ಸಾಲ ಎಲ್ಲವನ್ನೂ ಜೀವನಚರಿತ್ರೆಯಲ್ಲಿ ಹಾಕುತ್ತೇವೆ. ಹೆಂಗಸರದ್ದಕ್ಕೆ ಮಾತ್ರ ಪರದೆ ಎಳೆದರೆ ಮತ್ತೆ ಉಳಿಯುವುದು ‘ಮಿಸೆಸ್ ಕಿಟ್ಟೆಲ್’ ಅಷ್ಟೇ. ಮನೆತನದವರನ್ನು ಕೇಳಬೇಕು ಅನ್ನುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇದೆ.

ನಿಘಂಟುಪ್ರಿಯ

ಇಬ್ಬರ ಮಾತೂ ಗಮನದಲ್ಲಿಟ್ಟುಕೊಳ್ಳುತ್ತೇನೆ. ಬಾಸೆಲ್ ದಾಖಲೆಮನೆಗೆ ಈ ವಾರವೇ ಮಿಂಚಂಚೆ ಕಳಿಸಬೇಕು ಅಂತಿದ್ದೇನೆ. ಏನು ಅಂತ ಕೇಳಲಿ? ‘ಕಿಟ್ಟೆಲ್ ಹೆಂಡತಿಯ ಬಗ್ಗೆ ಇರುವುದೆಲ್ಲ ಕಳಿಸಿ’ ಅಂದರೆ ಆಗುತ್ತಾ?

ಕಡತದ ಹುಳ

ಅಯ್ಯೋ, ಹಾಗೆ ಕೇಳಬೇಡಿ. ಅವರಿಗೆ ಹುಡುಕಿ ಕೊಡುವಷ್ಟು ಪುರುಸೊತ್ತು ಇರುವುದಿಲ್ಲ. ಕಿಟ್ಟೆಲ್ ಅವರ ಕ್ರಮಸಂಖ್ಯೆಯನ್ನು ಜಾಲತಾಣದ ಪಟ್ಟಿಯಲ್ಲಿ ನೀವೇ ಹುಡುಕಿ ಬರೆಯಿರಿ. ಆಮೇಲೆ ಮೂರೇ ವಿಷಯ ಕೇಳಿ. 1860ಕ್ಕೆ ಮುಂಚಿನ ಮದುವೆಯ ಅರ್ಜಿ ಮತ್ತು ಸಮಿತಿಯ ತೀರ್ಮಾನ. ಮಿಶನ್‌ನವರು ಕುಟುಂಬದ ವಿವರ ಬರೆದಿಟ್ಟ ಪುಸ್ತಕದಲ್ಲಿ ಅವರ ಪುಟ. 1864 ಮತ್ತು 1867ರ ಪತ್ರಗಳು, ಜೊತೆಗೆ ಆ ವರ್ಷಗಳ ನಕಲು ಪುಸ್ತಕದಲ್ಲಿ ಅವರಿಗೆ ಹೋದ ಉತ್ತರ. ಹಳೆಯ ಫೋಟೋಗಳನ್ನು ಅವರ ತಾಣದಲ್ಲಿ ನೀವೇ ನೋಡಬಹುದು. ಫೋಟೋದ ಕೆಳಗೆ ಗಂಡನ ಹೆಸರು ಮಾತ್ರ ಇದ್ದರೆ ಮತ್ತೆ ಬಲ್ಮಠದ ಓದುಗರು ಹೇಳಿದ ತಾರೀಕಿನ ಲೆಕ್ಕ.

ನೆಕ್ಕಾರ್ ಕನ್ನಡಿಗ

ಕರಡು ಬರೆದು ಇಲ್ಲಿ ಹಾಕಿ, ಜರ್ಮನ್‌ಗೆ ನಾನು ತಿರುಗಿಸಿ ಕೊಡುತ್ತೇನೆ. ಐತ್ ಮನೆಯ ಊರು ಯಾವುದು ಅಂತ ಉತ್ತರದಲ್ಲಿ ಬಂದರೆ ತಕ್ಷಣ ಹೇಳಿ. ಆರ್ಕಿಯನ್‌ನಲ್ಲಿ ನನ್ನ ಚಂದಾ ಇನ್ನೂ ಚಾಲ್ತಿಯಲ್ಲಿದೆ, ಕುಟುಂಬ ಪುಸ್ತಕ ನಾನೇ ತೆಗೆದು ನೋಡುತ್ತೇನೆ.

ನಿಘಂಟುಪ್ರಿಯ

ಸರಿ ಸರ್. ನಾಳೆ ಸಂಜೆಯೊಳಗೆ ಕರಡು ಹಾಕುತ್ತೇನೆ. ಆ ಜಾಲತಾಣದವರಿಗೂ ‘ಪೌಲೀನ್ ಯೂಲಿಯೆ’ಯನ್ನು ಎರಡು ಮಾಡಿ ಅಂತ ಬರೆದಿದ್ದೇನೆ. ಆಧಾರ ಏನು ಅಂತ ಕೇಳಿದ್ದಾರೆ.